ರಾಜ-ರಾಣಿಗೆ ವಿಚ್ ಅನ್ನಬಾರದು

ಅಮ್ಮ ಹೋದ ಮೇಲೆ ಮೊದಲ ಕ್ಲಾಸು ತೆಗೆದುಕೊಂಡ ದಿನ ಬೋರ್ಡಿನ ಮೇಲೆ ಖಾಲಿ ಜಾಗ ಬಿಟ್ಟ ನಾಲ್ಕಾರು ಇಂಗ್ಲಿಷ್ ವಾಕ್ಯಗಳನ್ನು ಬರೆದೆ. ಹೂ, ವಿಚ್, ದಟ್, ಹೂಸ್, ಇವುಗಳಲ್ಲಿ ಯಾವುದು ಎಲ್ಲಿ ಕೂರಬೇಕು ಎಂದು ಮಕ್ಕಳು ಹೇಳಬೇಕು. ವೈಕುಂಠ ಸಮಾರಾಧನೆ ಆಗಷ್ಟೇ ಮುಗಿದಿತ್ತು. ಬಾಡಿಗೆಗೆ ತಂದ ಪ್ಲಾಸ್ಟಿಕ್ ಕುರ್ಚಿಗಳನ್ನು ಇನ್ನೂ ಯಾರೂ ಬಂದು ಒಯ್ದಿರಲಿಲ್ಲ, ಮಕ್ಕಳು ಅವುಗಳ ಮೇಲೇ ಕೂತರು. ಹಾಲಿನ ಮೂಲೆಯಲ್ಲಿದ್ದ ಅಮ್ಮನ ಬೆತ್ತದ ಕುರ್ಚಿಯ ಮೇಲೆ ಮಾತ್ರ ಯಾರೂ ಕೂರಲಿಲ್ಲ. ಕೂರಬೇಡಿ ಎಂದು ನಾನೇನೂ ಹೇಳಿರಲಿಲ್ಲ.

ಮಗಳನ್ನು ಬಿಡಲು ಬಂದ ಒಬ್ಬ ತಾಯಿ ಬಾಗಿಲಲ್ಲೇ ನಿಂತು, "ಮೇಡಂ, ಇನ್ನೊಂದು ವಾರ ರೆಸ್ಟ್ ತಗೋಬಹುದಿತ್ತು ನೀವು" ಅಂದರು.

"ರೆಸ್ಟ್ ತಗೊಂಡು ಏನ್ ಮಾಡ್ಲಿ?"

"ಸಖತ್ ಸ್ಟ್ರಾಂಗ್ ನೀವು."

ನಾನು ಸ್ಟ್ರಾಂಗೂ ಅಲ್ಲ, ಮಣ್ಣೂ ಅಲ್ಲ. ನನಗೆ ಏನೂ ಅನ್ನಿಸುತ್ತಿರಲಿಲ್ಲ, ಅಷ್ಟೆ. ಕೈ ಮರಗಟ್ಟಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗೆ. ಆ ಹದಿನಾಲ್ಕು ದಿನ ಬಂದವರೆಲ್ಲ ನನ್ನ ಕೈ ಹಿಡಿದು, ಅತ್ತುಬಿಡಿ, ಅತ್ತರೆ ಮನಸ್ಸು ಹಗುರ ಆಗುತ್ತೆ ಅಂದಿದ್ದರು. ಅಳು ಏನು ಸಿಟಿ ಬಸ್ಸೇ, ಕೈ ಅಡ್ಡ ಹಾಕಿದರೆ ನಿಲ್ಲುವುದಕ್ಕೆ? ನನಗೆ ಅವರ ಮೇಲೆ ಸಿಟ್ಟು ಕೂಡ ಪೂರ್ತಿ ಬರುತ್ತಿರಲಿಲ್ಲ. ಕಾಫಿ ಕೊಟ್ಟು ಕಳಿಸುತ್ತಿದ್ದೆ.

ನಾನು ಮದುವೆಯಾಗಲಿಲ್ಲ. ಜಯನಗರದ ಒಂದು ಶಾಲೆಯಲ್ಲಿ ಇಂಗ್ಲಿಷ್ ಮೇಡಮ್ಮಾಗಿದ್ದೆ. ಅಮ್ಮನಿಗೆ ಮಂಡಿ ಕೈಕೊಟ್ಟ ಮೇಲೆ ಕೆಲಸ ಬಿಟ್ಟು, ಶ್ರೀನಗರದ ಈ ಮನೆಯ ಹಾಲಿನಲ್ಲೇ ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳಿಗೆ ಟ್ಯೂಷನ್ ಶುರು ಮಾಡಿದೆ. ಅಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಹಾಲು ಬಿಟ್ಟು ಒಳಗೆ ಹೋಗಿ ಕೂರುವ ಜಾಯಮಾನವೂ ಅವಳದಲ್ಲ. ಬೆತ್ತದ ಕುರ್ಚಿಯಲ್ಲಿ ಕೂತು, ಹುರುಳಿಕಾಯಿ ನಾರು ತೆಗೆಯುತ್ತಲೋ ಬತ್ತಿ ಹೊಸೆಯುತ್ತಲೋ, ಅಷ್ಟೂ ವರ್ಷದ ಪಾಠವನ್ನು ಕೇಳಿಸಿಕೊಂಡಳು. ಕೊನೆಗೆ ಕೆಲವು ಪಾಠಗಳು ಅವಳಿಗೂ ಬಾಯಿಗೆ ಬಂದಿದ್ದವು.

ಈ ಹೂ-ವಿಚ್ ಪಾಠ ನಮ್ಮ ಮಕ್ಕಳಿಗೆ ನಿಜವಾಗಿಯೂ ಕಷ್ಟ. ಕನ್ನಡದಲ್ಲಿ ನಾವು 'ನಿನ್ನೆ ಬಂದ ಆಂಟಿ' ಅಂದು ಮುಗಿಸುತ್ತೇವೆ. ಬಂದದ್ದು ಮೊದಲು, ಆಂಟಿ ಆಮೇಲೆ, ನಡುವೆ ಕೊಂಡಿಯೇ ಬೇಡ. ಇಂಗ್ಲಿಷಿನಲ್ಲಿ ಮೊದಲು ಆಂಟಿಯನ್ನು ತಂದು ನಿಲ್ಲಿಸಬೇಕು, ಆಮೇಲೆ ಒಂದು ಕೊಂಡಿ ಹಾಕಬೇಕು, ಆಮೇಲೆ ಅವಳು ನಿನ್ನೆ ಬಂದಳೆಂದು ಹೇಳಬೇಕು. ಆ ಕೊಂಡಿಯೋ, ಮನುಷ್ಯರಿಗೆ ಒಂದು, ಸಾಮಾನಿಗೆ ಒಂದು. ಮಗು ಅಳ್ತಾ ಇದೆ ಅನ್ನುವ ಅಭ್ಯಾಸ ನಮ್ಮದು, ಹಾಗಾಗಿ ಇಂಗ್ಲಿಷಿನಲ್ಲೂ ಮಗುವಿಗೆ ವಿಚ್ ಹಾಕಿಬಿಡುತ್ತಾರೆ. ಪ್ರತಿವರ್ಷ ಹೊಸ ಮಕ್ಕಳು, ಪ್ರತಿವರ್ಷ ಅದೇ ತಪ್ಪು.

ಅದಕ್ಕೆ ನಾನು ಕಂಡುಕೊಂಡ ದಾರಿ ನವರಾತ್ರಿಯ ಗೊಂಬೆ. ಸರಸ್ವತಿ ಪೂಜೆಯ ದಿನದಿಂದ ವಿಜಯದಶಮಿಯವರೆಗೆ ಮಕ್ಕಳ ಪುಸ್ತಕಗಳು ದೇವರ ಮುಂದೆ ಇರುತ್ತವೆ, ಮುಟ್ಟುವ ಹಾಗಿಲ್ಲ. ಬರೆಯುವ ಹಾಗಿಲ್ಲ, ಓದುವ ಹಾಗಿಲ್ಲ. ಮಾತಾಡಬಹುದಲ್ಲ? ನಮ್ಮ ಹಾಲಿನಲ್ಲಿ ಅಮ್ಮ ಮೆಟ್ಟಿಲು ಮೆಟ್ಟಿಲಾಗಿ ಗೊಂಬೆ ಕೂರಿಸಿರುತ್ತಿದ್ದಳು. ಒಬ್ಬೊಬ್ಬರೇ ಬಂದು ಒಂದು ಗೊಂಬೆ ತೋರಿಸಿ ಒಂದು ಇಂಗ್ಲಿಷ್ ವಾಕ್ಯ ಹೇಳಬೇಕು, ಅದರಲ್ಲಿ ಕೊಂಡಿ ಇರಲೇಬೇಕು. ಸೊಂಡಿಲು ಮುರಿದ ಆನೆ. ಮಡಕೆ ಹೊತ್ತ ಹೆಂಗಸು. ತಕ್ಕಡಿ ಹಿಡಿದು ಅಂಗಡಿ ಮುಂದೆ ಕೂತ ಶೆಟ್ಟಿ, ಪಕ್ಕದಲ್ಲಿ ಅವನಷ್ಟೇ ದಪ್ಪದ ಶೆಟ್ಟಮ್ಮ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ, ರಾಜ ಮತ್ತು ರಾಣಿ, ಮರದ್ದು. ರಾಜನ ಮೂಗಿನ ತುದಿ ಚಕ್ಕೆ ಎದ್ದಿತ್ತು. ರಾಣಿಗೆ ಅಮ್ಮ ವರ್ಷವರ್ಷ ಹೊಸ ಜರಿ ತುಂಡಿನಿಂದ ಸೀರೆ ಉಡಿಸುತ್ತಿದ್ದಳು.

ಗೊಂಬೆ ಅಂದರೆ ಸಾಮಾನು, ವಿಚ್ ಹಾಕಬೇಕು ಎಂದು ನಾನು. ರಾಜ-ರಾಣಿಗೆ ವಿಚ್ ಅಂದರೆ ನನ್ನ ಮನೆಯಲ್ಲಿ ನಡೆಯುವುದಿಲ್ಲ ಎಂದು ಅಮ್ಮ. "ವಿಚ್ಚು ಸಾಮಾನಿಗೆ ಅಂತ ನೀನೇ ಹೇಳ್ಕೊಟ್ಟಿದ್ದೀಯ. ಇವರು ಸಾಮಾನಾ?" ಯಾರಾದರೂ ಮೇಲಿನ ಮೆಟ್ಟಿಲು ತೋರಿಸಿ ವಿಚ್ ಅಂದರೆ ಸಾಕು, ಕುರ್ಚಿಯಿಂದ ಕೂಗು ಬರುತ್ತಿತ್ತು: "ವಿಚ್ ಅಂದವರಿಗೆ ಚರ್ಪು ಇಲ್ಲ." ಗೊಂಬೆ ನೋಡಲು ಬಂದ ಮಕ್ಕಳ ಕೈಗೆ ಹಾಕುವ ತಿಂಡಿಗೆ ನಮ್ಮ ಕಡೆ ಚರ್ಪು ಅನ್ನುತ್ತೇವೆ. ಅಮ್ಮನ ಚರ್ಪು ಅಂದರೆ ಕಡಲೆಕಾಳಿನ ಉಸಲಿ, ಮೇಲೆ ಹಸಿ ತೆಂಗಿನತುರಿ. ಅದಕ್ಕಾಗಿ ಮಕ್ಕಳು ಯಾವ ವ್ಯಾಕರಣ ಬೇಕಾದರೂ ಒಪ್ಪಿಕೊಳ್ಳುತ್ತಿದ್ದರು. ಒಂದು ವರ್ಷ ಒಬ್ಬ ಹುಡುಗಿ ಪರೀಕ್ಷೆಯಲ್ಲೂ ಗೊಂಬೆಗೆ ವಿಚ್ ಬದಲು ಹೂ ಹಾಕಿ ಅರ್ಧ ಮಾರ್ಕ್ಸ್ ಕಳಕೊಂಡಳು. ಅವಳ ತಾಯಿ ಬಂದು ಕೇಳಿದಾಗ, "ಅರ್ಧ ತಾನೇ, ಹೋಗ್ಲಿ ಬಿಡಿ, ರಾಣಿಗೆ ಮರ್ಯಾದೆ ಕೊಟ್ಟಿದ್ದಾಳೆ" ಎಂದು ಅಮ್ಮ ಅವರಿಗೂ ಉಸಲಿ ಕೊಟ್ಟು ಕಳಿಸಿದಳು. ತಲೆ ಚಚ್ಚಿಕೊಳ್ಳುವ ಪಾಡು ನನ್ನದು.

ಆ ಜೋಡಿ ಅಮ್ಮನ ಮದುವೆಯಲ್ಲಿ ಅವಳ ತವರಿನಿಂದ ಬಂದದ್ದು. ಪಟ್ಟದ ಗೊಂಬೆಯ ಪದ್ಧತಿಯೇ ಹಾಗೆ. ಅದನ್ನು ಯಾರೂ ತಾವಾಗಿ ಕೊಂಡುಕೊಳ್ಳುವುದಿಲ್ಲ, ಮದುವೆಯಾಗಿ ಹೋಗುವ ಮಗಳಿಗೆ ತವರಿನವರು ಕೊಡುತ್ತಾರೆ. ನಾನು ಎಲ್ಲಿಗೂ ಹೋಗಲಿಲ್ಲ, ಆದ್ದರಿಂದ ನನಗೆ ಯಾರೂ ಕೊಡಲಿಲ್ಲ. ಅಮ್ಮನೂ ಅದರ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ. ಪ್ರತಿವರ್ಷ ಅಟ್ಟದಿಂದ ಇಳಿಸುತ್ತಿದ್ದವಳು ನಾನು, ಒರೆಸುತ್ತಿದ್ದವಳು ನಾನು, ಅಮ್ಮನ ಹಳೆಯ ಹಸಿರು ಮೈಸೂರು ಸಿಲ್ಕ್ ಸೀರೆಯ ತುಂಡಿನಲ್ಲಿ ಸುತ್ತಿ ಮೇಲಿಡುತ್ತಿದ್ದವಳೂ ನಾನೇ. ನನಗೆ ಆ ಜೋಡಿ ಬೇಕಿತ್ತು. ಅಮ್ಮನ ಒಡವೆ ಬೇಡ, ಸೀರೆ ಬೇಡ, ಅದೊಂದು ಬೇಕಿತ್ತು.

ಸಮಾರಾಧನೆಯ ಸಂಜೆ ನೆಂಟರೆಲ್ಲ ಹೋದ ಮೇಲೆ ಅತ್ತಿಗೆ ನನ್ನ ಪಕ್ಕ ಬಂದು ಕೂತರು. ಅಣ್ಣ ಅತ್ತಿಗೆ ಜೆ.ಪಿ. ನಗರದಲ್ಲಿ ಫ್ಲ್ಯಾಟಿನಲ್ಲಿರುತ್ತಾರೆ. ಅವರ ಮಗಳಿಗೆ ಗಂಡು ಗೊತ್ತಾಗಿತ್ತು, ಅಮ್ಮನ ವರ್ಷಾಬ್ದಿಕ ಕಳೆದ ಮೇಲೆ ಮದುವೆ.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ" ಅಂದರು ಅತ್ತಿಗೆ. "ಅಮ್ಮನ ಪಟ್ಟದ ಗೊಂಬೆ ನಮ್ಮ ಹುಡುಗಿಗೆ ಕೊಡೋಣ ಅಂತ ನಿಮ್ಮಣ್ಣ ಹೇಳ್ತಿದ್ರು. ಅಜ್ಜಿ ಕೈಲಿ ಕೊಡಿಸೋ ಯೋಗ ಅಂತೂ ಇಲ್ಲ. ಗೊಂಬೆನಾದ್ರೂ ಹೋಗ್ಲಿ ಅಂತ."

"ತಗೊಂಡು ಹೋಗಿ" ಅಂದೆ.

ಎಷ್ಟು ಸಲೀಸಾಗಿ ಅಂದೆ ಅಂದರೆ, ಪಕ್ಕದ ಮನೆಯವರು ಮೊರ ಕೇಳಿದರೆ ಕೊಡುವ ಹಾಗೆ. ಅತ್ತಿಗೆ ಒಂದು ನಿಮಿಷ ನನ್ನ ಮುಖ ನೋಡಿದರು. ನಾನು ಗೋಡೆ ನೋಡುತ್ತಿದ್ದೆ. ಅವರು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ, ಗೊಂಬೆ ಹೋಗಬೇಕಾದದ್ದು ಮದುವೆಯಾಗುವ ಹುಡುಗಿಗೇ. ನನಗೆ ಬೇಕು ಎಂದು ಹೇಳಬಹುದಿತ್ತು. ಹೇಳುವುದಕ್ಕೆ ಮೊದಲು ಬೇಕು ಎಂದು ಒಳಗೆ ಅನ್ನಿಸಬೇಕು, ಆ ದಿನಗಳಲ್ಲಿ ಅದೇ ಅನ್ನಿಸುತ್ತಿರಲಿಲ್ಲ.

ಹಾಗೇ ತಿಂಗಳುಗಳು ಕಳೆದವು. ಕ್ಲಾಸು ನಡೆಯಿತು. ಬೆಳಿಗ್ಗೆ ಕಾಫಿಗೆ ಎರಡು ಲೋಟ ತೆಗೆದು ಒಂದನ್ನು ವಾಪಸ್ ಇಡುತ್ತಿದ್ದೆ, ಅದರಿಂದಲೂ ಏನೂ ಆಗುತ್ತಿರಲಿಲ್ಲ. ಕತ್ರಿಗುಪ್ಪೆಗೆ ಹೋಗಿ ತರಕಾರಿ ತರುತ್ತಿದ್ದೆ, ಗ್ಯಾಸ್ ಬುಕ್ ಮಾಡುತ್ತಿದ್ದೆ, ಮಕ್ಕಳು ತಪ್ಪು ಬರೆದರೆ ಕೆಂಪಿಂಕಿನಲ್ಲಿ ಗೀಟು ಹಾಕುತ್ತಿದ್ದೆ. ಬೈಯುವುದನ್ನು ಮಾತ್ರ ಬಿಟ್ಟಿದ್ದೆ. ಒಬ್ಬ ಹುಡುಗ ಇನ್ನೊಬ್ಬನಿಗೆ, "ಮಗಾ, ಮಿಸ್ ಯಾಕೋ ಬೈಯ್ತಾನೇ ಇಲ್ಲ, ಭಯ ಆಗುತ್ತೆ" ಅನ್ನುವುದು ಕಿವಿಗೆ ಬಿತ್ತು.

ಗಣೇಶನ ಹಬ್ಬದ ಹೊತ್ತು ಕಳೆದ ಮೇಲೆ ಅತ್ತಿಗೆ ಫೋನ್ ಮಾಡಿ, ಪಿತೃಪಕ್ಷ ಶುರುವಾಗುವ ಮೊದಲೇ ಗೊಂಬೆ ತಗೊಂಡು ಹೋಗಿಬಿಡ್ತೀನಿ, ಭಾನುವಾರ ಬರ್ತೀನಿ ಅಂದರು. ಭಾನುವಾರ ಮಧ್ಯಾಹ್ನ ನಾನು ಅಟ್ಟದಿಂದ ಎಲ್ಲ ಪೆಟ್ಟಿಗೆಗಳನ್ನೂ ಇಳಿಸಿದೆ. ಒಂದನ್ನು ಮಾತ್ರ ಇಳಿಸಿದ್ದರೆ ಸಾಕಿತ್ತು. ಎಲ್ಲ ಬಿಚ್ಚಿದೆ, ಎಲ್ಲ ಒರೆಸಿದೆ, ನೆಲದ ತುಂಬ ಹರಡಿದೆ. ಸಂಜೆ ಮತ್ತೆ ಒಂದೊಂದನ್ನೇ ಸುತ್ತಿಟ್ಟೆ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ತಲೆಯಲ್ಲಿ ಏನಿತ್ತು ಎಂದು ಕೇಳಿದರೆ ಏನೂ ಇರಲಿಲ್ಲ.

ಅತ್ತಿಗೆ ಬಂದರು, ಕಾಫಿ ಕುಡಿದರು. ಹಸಿರು ಸೀರೆಯ ಗಂಟನ್ನು ಅವರ ಕೈಗಿತ್ತೆ.

"ಬಿಚ್ಚಿ ನೋಡ್ತೀರಾ?"

"ಅಯ್ಯೋ, ಅದೇನು ನೋಡೋದು, ಬಿಡಿ. ನೀವು ಸರಿಯಾಗೇ ಕಟ್ಟಿರ್ತೀರ."

ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಗೇಟಿನ ಹತ್ತಿರ ನಿಂತಿದ್ದೆ. ಈಗಲಾದರೂ ಅಳು ಬರುತ್ತದೇನೋ ಎಂದು ಕಾದೆ. ಎದುರು ಮನೆಯ ಆಂಟಿ ಬಟ್ಟೆ ಒಳಗೆ ತಗೊಳ್ಳುತ್ತಿದ್ದವರು ಮಳೆ ಬರುತ್ತೆ ಅಂದರು, ಹೌದು ಅಂದೆ, ಒಳಗೆ ಬಂದೆ.

ನವರಾತ್ರಿ ಬಂತು. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ. ಗೊಂಬೆ ಕೂರಿಸುವ ಹಾಗಿಲ್ಲ. ಮಕ್ಕಳಿಗೆ ಮೊದಲೇ ಗ್ರೂಪಿನಲ್ಲಿ ಮೆಸೇಜ್ ಹಾಕಿದ್ದೆ, ಈ ವರ್ಷ ಗೊಂಬೆ ಇಲ್ಲ, ಪಾಠ ಇರುತ್ತದೆ ಎಂದು. ನಾಲ್ಕನೆಯದೋ ಐದನೆಯದೋ ದಿನ ಬೆಳಿಗ್ಗೆ ಅತ್ತಿಗೆಯ ಫೋನು.

"ಏನ್ರೀ ಇದು? ಹಬ್ಬ ಇಲ್ದಿದ್ರೂ ಪೆಟ್ಟಿಗೆಲೇ ಇಡೋದು ಬೇಡ, ತೆಗೆದು ಒಂದು ದೀಪ ತೋರಿಸೋಣ ಅಂತ ಗಂಟು ಬಿಚ್ಚಿದ್ರೆ, ಶೆಟ್ಟಿ-ಶೆಟ್ಟಮ್ಮ ಇದಾರೆ."

"ಯಾರು?"

"ಶೆಟ್ಟಿ. ತಕ್ಕಡಿ ಸಮೇತ." ಅವರು ನಗುತ್ತಿದ್ದರು. "ನಮ್ಮ ಹುಡುಗಿ ಬಿದ್ದು ಬಿದ್ದು ನಗ್ತಾ ಇದಾಳೆ, ಅತ್ತೆ ನನಗೆ ಕಿರಾಣಿ ಅಂಗಡಿ ಇಡು ಅಂತಿದಾರೆ ಅಂತ."

ಸ್ಟೂಲು ಹಾಕಿಕೊಂಡು ಅಟ್ಟ ನೋಡಿದೆ. ಅಪ್ಪನ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ್ದ ಗಂಟು, ಯಾವತ್ತೂ ಶೆಟ್ಟಿ-ಶೆಟ್ಟಮ್ಮ ಇರುವ ಗಂಟು. ಬಿಚ್ಚಿದರೆ ರಾಜನ ಚಕ್ಕೆ ಎದ್ದ ಮೂಗು. ಪಕ್ಕದಲ್ಲಿ ರಾಣಿ, ಹೋದ ವರ್ಷ ಅಮ್ಮ ಉಡಿಸಿದ ನೇರಳೆ ಸೀರೆಯಲ್ಲಿ. ನಾನು ಬೇಕೆಂದೇ ಅದಲುಬದಲು ಮಾಡಿದೆನೋ, ಮೈಮರೆತು ಮಾಡಿದೆನೋ, ದೇವರಾಣೆ ಇವತ್ತಿಗೂ ಗೊತ್ತಿಲ್ಲ. ಅಷ್ಟು ವರ್ಷ ಸುತ್ತಿದ ಕೈ. ಮರದ ಗೊಂಬೆ ಹಗುರ, ಶೆಟ್ಟಿಯದು ಮಣ್ಣು, ಹೊಟ್ಟೆ ಬೇರೆ ದಪ್ಪ. ಕಣ್ಣು ಮುಚ್ಚಿದರೂ ಗೊತ್ತಾಗಬೇಕಿತ್ತು.

"ಇಲ್ಲೇ ಇದೆ ಅತ್ತಿಗೆ. ಕೈತಪ್ಪಿ ಆಗಿದೆ" ಅಂದೆ.

"ಪರವಾಗಿಲ್ಲ, ನಿಮ್ಮಣ್ಣನ್ನ ಕಳಿಸ್ತೀನಿ ಸಂಜೆ ಕಡೆ, ಕೊಟ್ಟುಬಿಡಿ" ಅಂದರು.

ಅಣ್ಣ ಬಂದದ್ದು ಆ ಸಂಜೆಯಲ್ಲ, ಸರಸ್ವತಿ ಪೂಜೆಯ ಸಂಜೆ. ಆ ನಡುವಿನ ದಿನಗಳಲ್ಲಿ ನಾನು ಗೊಂಬೆಗಳನ್ನು ಅಟ್ಟಕ್ಕೆ ಹತ್ತಿಸಲಿಲ್ಲ. ಕೊಡುವುದು ಹೇಗೂ ಇದೆಯಲ್ಲ ಎಂದು ಟೇಬಲ್ಲಿನ ಮೇಲೆ ಪಂಚೆ ಹೊದಿಸಿ ಇಟ್ಟಿದ್ದೆ. ಹೋಗುತ್ತ ಬರುತ್ತ ನೋಡುತ್ತಿದ್ದೆ. ಒಂದು ಸಲ ಪಂಚೆ ಸರಿಸಿ ರಾಣಿಯ ಸೆರಗು ಸರಿಮಾಡಿದೆ. ಮರಗಟ್ಟಿದ ಕೈಗೆ ರಕ್ತ ಓಡಿದಾಗ ಜೋಮು ಹಿಡಿಯುತ್ತದಲ್ಲ, ಹಾಗಾಯಿತು. ನನಗದು ಇಷ್ಟವಾಗಲಿಲ್ಲ, ಪಂಚೆ ಎಳೆದು ಮುಚ್ಚಿದೆ.

ಸರಸ್ವತಿ ಪೂಜೆಯ ಸಂಜೆ ಮಕ್ಕಳು ಬರಿಗೈಯಲ್ಲಿ ಬಂದರು.

"ಬುಕ್ ಎಲ್ಲಿ?"

"ದೇವರ ಮುಂದೆ ಇದೆ ಮಿಸ್. ಮುಟ್ಟಿದ್ರೆ ಅಮ್ಮ ಬೈಯ್ತಾರೆ."

ಮರೆತೇಬಿಟ್ಟಿದ್ದೆ. ನನ್ನ ಮನೆಯಲ್ಲಿ ಪೂಜೆಯಿಲ್ಲ, ಅವರ ಮನೆಗಳಲ್ಲಿ ಇರುತ್ತದಲ್ಲ. ಪೆನ್ನಿಲ್ಲ, ಪುಸ್ತಕವಿಲ್ಲ, ಗೊಂಬೆಯಿಲ್ಲ, ಏನು ಪಾಠ ಮಾಡುವುದು? ಹತ್ತನೇ ಕ್ಲಾಸಿನ ಹುಡುಗಿ, ಹಿಂದಿನ ಎರಡು ವರ್ಷವೂ ಗೊಂಬೆ ಮುಂದೆ ನಿಂತು ಹೇಳಿದವಳು, ಟೇಬಲ್ಲಿನ ಕಡೆ ನೋಡಿ, "ಮಿಸ್, ಆ ಬಟ್ಟೆ ಕೆಳಗೆ ಇರೋದು ರಾಜ-ರಾಣಿ ಅಲ್ವಾ?" ಅಂದಳು.

ಕೂರಿಸಿದರೆ ತಾನೇ ಹಬ್ಬ, ಟೇಬಲ್ಲಿನ ಮೇಲೆ ಇದ್ದರೆ ಪಾಠದ ಸಾಮಾನು. ಹಾಗೆಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡು ಪಂಚೆ ತೆಗೆದೆ. ಆರತಿಯಿಲ್ಲ, ಹೂವಿಲ್ಲ, ದೀಪವಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಇಬ್ಬರೂ ನಿಂತಿದ್ದರು. "ಸರಿ, ಒಬ್ಬೊಬ್ಬರೇ ಹೇಳಿ" ಅಂದೆ.

ಮೊದಲು ಎದ್ದವನು ಈ ವರ್ಷ ಹೊಸದಾಗಿ ಸೇರಿದ ಎಂಟನೇ ಕ್ಲಾಸಿನ ಹುಡುಗ. ಅವನಿಗೆ ನಮ್ಮ ಮನೆಯ ಕಾನೂನು ಗೊತ್ತಿಲ್ಲ. ರಾಜನ ಕಡೆ ಬೆರಳು ತೋರಿಸಿ, ಗಂಟಲು ಸರಿಮಾಡಿಕೊಂಡು, "ದ ಕಿಂಗ್ ವಿಚ್ ಹ್ಯಾಸ್ ಎ ಬ್ರೋಕನ್ ನೋಸ್" ಎಂದು ಶುರುಮಾಡಿದ.

ಹಳೆಯ ಮಕ್ಕಳೆಲ್ಲ ಒಟ್ಟಿಗೆ ಬೆತ್ತದ ಕುರ್ಚಿಯ ಕಡೆ ತಿರುಗಿದರು. ನಾನೂ ತಿರುಗಿದೆ. ಅಭ್ಯಾಸಬಲ. ಎಲ್ಲರೂ ಆ ಕೂಗಿಗಾಗಿ ಕಾದೆವು. ಕುರ್ಚಿಯ ಮೇಲೆ ಮಡಚಿಟ್ಟ ಶಾಲು ಮಾತ್ರ ಇತ್ತು. ಆ ಹೊಸ ಹುಡುಗ ತಾನೇನು ಅಪರಾಧ ಮಾಡಿದೆನೋ ಎಂದು ಬೆರಳು ಇಳಿಸಿದ.

"ವಿಚ್ ಅಂದವರಿಗೆ ಚರ್ಪು ಇಲ್ಲ."

ಬಾಗಿಲಲ್ಲಿ ಅಣ್ಣ ನಿಂತಿದ್ದ. ಯಾವಾಗ ಬಂದನೋ, ಒಂದು ಚಪ್ಪಲಿ ಬಿಟ್ಟು ಇನ್ನೊಂದು ಕಾಲಿನಲ್ಲೇ ಇತ್ತು. ಬ್ಯಾಂಕಿನಿಂದ ರಿಟೈರಾದ ಮನುಷ್ಯ, ಅಮ್ಮನ ಹಾಗೇ ಮೂಗಿನಲ್ಲಿ ಎಳೆದು ಹೇಳಿದ. ಪ್ರತಿವರ್ಷ ಹಬ್ಬಕ್ಕೆ ಬಂದಾಗ ಉಸಲಿ ತಿನ್ನುತ್ತ ಅವನೂ ಕೇಳಿಸಿಕೊಂಡಿದ್ದನಲ್ಲ. ಮಕ್ಕಳು ನಕ್ಕರು. ಅಣ್ಣ ನಗಲಿಲ್ಲ. ಇನ್ನೊಂದು ಚಪ್ಪಲಿಯನ್ನೂ ಬಿಟ್ಟು ಒಳಗೆ ಬಂದು, ಗೊಂಬೆಗಳ ಮುಂದೆ ನಿಂತು, ರಾಜನ ಮೂಗನ್ನು ಹೆಬ್ಬೆರಳಿನಿಂದ ಸವರಿದ.

"ಇದು ನಾನೇ ಬೀಳಿಸಿದ್ದು. ಅಮ್ಮ ಸರಿಯಾಗಿ ಬಿಗಿದಿದ್ಳು ಆವತ್ತು" ಅಂದ.

"ಅಣ್ಣ, ಇವು ನನಗೆ ಬೇಕು" ಅಂದೆ.

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಎಷ್ಟು ತಿಂಗಳಾದ ಮೇಲೆ ಏನಾದರೂ ಬೇಕು ಎಂದು ಬಾಯಿಬಿಟ್ಟು ಕೇಳಿದ್ದೆ. ಅಣ್ಣ ನನ್ನನ್ನು ನೋಡಿದ, ಮಕ್ಕಳನ್ನು ನೋಡಿದ, ಜೇಬಿನಿಂದ ಫೋನ್ ತೆಗೆದು ಅತ್ತಿಗೆಗೆ ಕಾಲ್ ಮಾಡಿ ನನ್ನ ಕೈಗೆ ಕೊಟ್ಟ. "ನಂಗೇನೂ ಇಲ್ಲಮ್ಮ. ಅವಳಿಗೆ ನೀನೇ ಹೇಳು."

ಹೇಳಿದೆ. ಮದುವೆ ಹುಡುಗಿಗೆ ಸೇರಬೇಕಾದ್ದು ಅಂತ ಗೊತ್ತು ಅತ್ತಿಗೆ, ಆದ್ರೂ ನನಗೆ ಬೇಕು, ಕೊಡೋಕೆ ಆಗ್ತಾ ಇಲ್ಲ ಅಂದೆ.

"ಇಷ್ಟು ಹೇಳೋಕೆ ಇಷ್ಟು ತಿಂಗಳು ಬೇಕಾಯ್ತಾ ನಿಮಗೆ?" ಅತ್ತಿಗೆಯ ದನಿಯಲ್ಲಿ ಸಿಟ್ಟಿತ್ತು. "ಆವತ್ತು ಕೇಳಿದಾಗ್ಲೇ ಕೊಡಲ್ಲ ಅಂತೀರೇನೋ ಅಂತ ಮುಖ ನೋಡ್ದೆ ನಾನು. ತಗೊಂಡು ಹೋಗಿ ಅಂದುಬಿಟ್ರಿ. ನಮ್ಮ ಹುಡುಗಿಗೆ ಹೊಸದು ತಂದ್ರಾಯ್ತು. ಅವಳಿಗೇನು, ಶೆಟ್ಟಿ-ಶೆಟ್ಟಮ್ಮನೇ ಸಾಕು ಅಂತಿದಾಳೆ, ಅವರನ್ನಂತೂ ವಾಪಸ್ ಕೊಡಲ್ಲ."

"ಸರಿ ಅತ್ತಿಗೆ. ಹಾಗಾದ್ರೆ ಇಟ್ಕೋತೀನಿ."

"ಅದು ಹೇಗಾಗುತ್ತೆ? ಪಟ್ಟದ ಗೊಂಬೆ ನೀವಾಗೇ ಇಟ್ಕೊಳ್ಳೋ ಹಾಗಿಲ್ಲ. ತವರಿಂದ ಕೊಡಬೇಕು. ವರ್ಷ ಕಳೀಲಿ, ನಾನೂ ನಿಮ್ಮಣ್ಣನೂ ಬಂದು ಮಡಿಲು ತುಂಬಿ ಕೊಡ್ತೀವಿ. ಅಲ್ಲೀವರೆಗೂ ಸುಮ್ನೆ ಕಾಯ್ಕೊಂಡಿರಿ."

"ನನಗ್ಯಾಕೆ ಅತ್ತಿಗೆ ಮಡಿಲು ತುಂಬೋದೆಲ್ಲ? ಈ ವಯಸ್ಸಿನಲ್ಲಿ."

"ಯಾಕೆ, ನೀವು ಈ ಮನೆ ಮಗಳಲ್ವಾ? ಆವತ್ತು ಒಳ್ಳೆ ಸೀರೆ ಉಟ್ಕೊಂಡು ಕೂತಿರಿ, ಅಷ್ಟೆ. ಇಡ್ತೀನಿ, ಒಲೆ ಮೇಲೆ ಹಾಲಿದೆ."

ಫೋನನ್ನು ಅಣ್ಣನಿಗೆ ಕೊಟ್ಟೆ. ಕೂರಬೇಕು ಅನ್ನಿಸಿತು. ಹತ್ತಿರ ಇದ್ದದ್ದು ಅಮ್ಮನ ಕುರ್ಚಿ, ಶಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಅದರಲ್ಲೇ ಕೂತೆ. ಎಷ್ಟು ಮದುವೆಗಳಲ್ಲಿ, ಎಷ್ಟು ಜನರ ಮಡಿಲಿಗೆ ತುಂಬುವ ಅಕ್ಕಿ-ಕಾಯಿಯ ತಟ್ಟೆಯನ್ನು ಎತ್ತಿ ಕೊಟ್ಟಿದ್ದೇನೆ ನಾನು. ನನ್ನ ಮಡಿಲಿಗೆ ಯಾರೂ ಏನೂ ಹಾಕಿರಲಿಲ್ಲ. ಅದು ಬೇಕಿತ್ತು ಎಂದು ಅಮ್ಮನಿಗೆ ಒಂದು ದಿನವೂ ನಾನು ಹೇಳಲಿಲ್ಲ, ಇನ್ನು ಹೇಳುವುದಕ್ಕೆ ಅವಳಿಲ್ಲ.

ಆಗ ಅಳು ಬಂತು. ಮಕ್ಕಳ ಎದುರಿಗೇ, ಮುಖ ಮುಚ್ಚಿಕೊಳ್ಳಲೂ ಪುರುಸೊತ್ತು ಕೊಡದೆ ಬಂತು. ಹತ್ತನೇ ಕ್ಲಾಸಿನ ಹುಡುಗಿ ನೀರು ತಂದುಕೊಟ್ಟಳು. ಅಣ್ಣ ಅಡುಗೆಮನೆಗೆ ಹೋಗಿ, ಕಡಲೆಕಾಳಿನ ಡಬ್ಬ ಯಾವುದು ಎಂದು ಅಲ್ಲಿಂದಲೇ ಕೇಳಿದ.